ಕತ್ತಿಯ ಹದ: ನಿತ್ಯೋಪಯೋಗಕ್ಕೆ ತಕ್ಕ ಅಲಗಿನ ಆಯ್ಕೆ

ಮನೆಗೆ ಒಂದು ಹಸುವನ್ನು ಕೊಳ್ಳುವಾಗ ಹತ್ತು ಜನರನ್ನು ವಿಚಾರಿಸುವ ಗೃಹಸ್ಥನು ಕತ್ತಿಯೊಂದನ್ನು ಕೊಳ್ಳುವಾಗ ಯಾರನ್ನೂ ವಿಚಾರಿಸುವುದಿಲ್ಲ. ಅಂಗಡಿಯಲ್ಲಿ ತೂಗುಹಾಕಿದ ಹತ್ತಾರು ಕತ್ತಿಗಳಲ್ಲಿ ಹೆಚ್ಚು ಹೊಳೆಯುವುದನ್ನು ಆರಿಸಿ, ಬೆಲೆಯನ್ನು ಸ್ವಲ್ಪ ತಗ್ಗಿಸಿ, ಕಾಗದದಲ್ಲಿ ಸುತ್ತಿಸಿಕೊಂಡು ಬರುತ್ತಾನೆ. ಮೂರು ತಿಂಗಳಲ್ಲಿ ಅದರ ಬಾಯಿ ಮಡಿಚಿಕೊಳ್ಳುತ್ತದೆ. ಆರು ತಿಂಗಳಲ್ಲಿ ಹಿಡಿ ಸಡಿಲವಾಗುತ್ತದೆ. ವರ್ಷ ತುಂಬುವುದರೊಳಗೆ ಅದು ಕೊಟ್ಟಿಗೆಯ ಸೂರಿನಲ್ಲಿ ತುಕ್ಕು ಹಿಡಿಯುತ್ತಿರುತ್ತದೆ. ಹೀಗಾದಾಗ ಕಬ್ಬಿಣವನ್ನೋ ಕಾಲವನ್ನೋ ಹಳಿಯುವುದು ವಾಡಿಕೆ. ಆದರೆ ದೋಷವು ಬಹುಮಟ್ಟಿಗೆ ಆಯ್ಕೆಯಲ್ಲಿಯೇ ಇರುತ್ತದೆ. ಕತ್ತಿಯ ಮುಖ್ಯಗುಣವು ಕಣ್ಣಿಗೆ ಕಾಣುವಂತಹುದಲ್ಲ. ಹಾಗೆಂದು ಪರೀಕ್ಷೆಗೆ ಸಿಕ್ಕದಂತಹುದೂ ಅಲ್ಲ. ಆ ಗುಣಕ್ಕೆ ಕನ್ನಡದಲ್ಲಿ ಹದವೆಂದು ಹೆಸರು. ಅದನ್ನು ಅರಿತು, ನಿತ್ಯದ ಕೆಲಸಕ್ಕೆ ಒದಗುವ ಗಟ್ಟಿಮುಟ್ಟಾದ ಕತ್ತಿಯನ್ನು ಆರಿಸಿಕೊಳ್ಳುವ ಬಗೆಯನ್ನು ವಿವೇಚಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಹೆಸರುಗಳ ವಿಚಾರ

ಅಲಗುಳ್ಳ ಸಾಧನಗಳಿಗೆ ನಮ್ಮ ಭಾಷೆಯಲ್ಲಿರುವ ಹೆಸರುಗಳು ಅನೇಕ. ‘ಕತ್ತಿ’ ಎಂಬುದು ಅಚ್ಚಗನ್ನಡದ ಮಾತು. ‘ಸುರಗಿ’, ‘ಚೂರಿ’ ಎಂಬುವು ಸಂಸ್ಕೃತದ ಛುರಿಕಾ ಶಬ್ದದಿಂದ ಬಂದವು. ‘ಕತ್ತರಿ’ ಎಂಬುದು ಕರ್ತರಿಯ ತದ್ಭವ. ‘ಚಾಕು’ ಪಾರಸಿಯ ಮೂಲಕ ನಮ್ಮಲ್ಲಿಗೆ ಬಂದು ನೆಲೆಸಿದ ಶಬ್ದ. ‘ಕುಡು’ ಎಂದರೆ ಬಾಗಿದುದು. ಆದುದರಿಂದ ಬಾಗಿದ ಅಲಗುಳ್ಳದ್ದು ಕುಡುಗೋಲು. ಮೈಸೂರು ಸೀಮೆಯಲ್ಲಿ ಎಳನೀರು ಕೆತ್ತುವ ದಪ್ಪ ಅಲಗಿಗೆ ಮಚ್ಚು ಎನ್ನುವರು. ಕರಾವಳಿ ಮಲೆನಾಡುಗಳಲ್ಲಿ ಅಂತಹುದೇ ಕೆಲಸದ ಸಾಧನಕ್ಕೆ ಕತ್ತಿಯೆಂದೇ ಹೆಸರು. ಬೆಳಗಾವಿಯ ಕಡೆಯ ಕಬ್ಬಿನ ಹೊಲಗಳಲ್ಲಿ ಕೊಯ್ತಾ ಎಂಬ ಮಾತು ಬಳಕೆಯಲ್ಲಿದೆ. ಅಡುಗೆಮನೆಯಲ್ಲಿ ಈಳಿಗೆಮಣೆ ಉಂಟು. ಕೊಡಗಿನ ಒಡಿಕತ್ತಿ, ಪೀಚೆಕತ್ತಿಗಳು ಇಂದು ಮದುವೆ ಹಬ್ಬಗಳ ಉಡುಪಿಗೆ ಸೇರಿದ ಗೌರವದ ಒಡವೆಗಳಾಗಿ ಉಳಿದಿವೆ.

ಇಷ್ಟು ಹೆಸರುಗಳು ಹುಟ್ಟಿಕೊಂಡುದು ಕೇವಲ ಶಬ್ದವೈಭವಕ್ಕಾಗಿ ಅಲ್ಲ. ಕೆಲಸ ಬೇರೆಯಾದಂತೆ ಅಲಗಿನ ದಪ್ಪ, ಬಾಗು, ತೂಕಗಳು ಬೇರೆಯಾದವು. ಅವು ಬೇರೆಯಾದಂತೆ ಹೆಸರು ಬೇರೆಯಾಯಿತು. ಹೆಸರುಗಳನ್ನು ಮರೆತು ಎಲ್ಲವನ್ನೂ ಚಾಕು ಎಂದು ಕರೆಯತೊಡಗಿದ ಮೇಲೆ ಎಲ್ಲ ಕೆಲಸಕ್ಕೂ ಒಂದೇ ಚಾಕು ಸಾಕೆಂಬ ಭ್ರಮೆಯೂ ಬೆಳೆಯಿತು.

ಕೆಲಸ ಮೊದಲು, ಕತ್ತಿ ಅನಂತರ

ಆದುದರಿಂದ ಕೊಳ್ಳುವವನು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ, ‘ಇದರಿಂದ ಏನನ್ನು ಕತ್ತರಿಸಬೇಕು?’ ಎಂಬುದು. ತರಕಾರಿ ಹೆಚ್ಚುವ ತೆಳ್ಳನೆಯ ಚಾಕುವಿನಿಂದ ತೆಂಗಿನಕಾಯಿಯ ಚಿಪ್ಪನ್ನು ಹೊಡೆದರೆ ಬಾಯಿ ಮುಕ್ಕಾಗುತ್ತದೆ. ಮಚ್ಚಿನಿಂದ ಈರುಳ್ಳಿ ಹೆಚ್ಚಿದರೆ ಹೋಳು ಸೀಳಿ ಜಜ್ಜಿಹೋಗುತ್ತದೆ. ಹಾಳೆ, ರಟ್ಟು ಮುಂತಾದುವಕ್ಕೆ ಮುರಿದು ಬಳಸುವ ಅಲಗಿನ ಕಟ್ಟರೇ ಸಾಕು. ಅದರಿಂದ ಹಗ್ಗ ಕೊಯ್ಯಹೋದರೆ ಅಲಗು ಸಿಡಿದು ಕಣ್ಣಿಗೆ ಅಪಾಯ.

ತೋಟವೋ ಹಿತ್ತಿಲೋ ಉಳ್ಳ ಮನೆಗೆ ಸಾಧಾರಣವಾಗಿ ಮೂರು ಅಲಗುಗಳು ಬೇಕಾಗುತ್ತವೆ: ಅಡುಗೆಗೆ ಈಳಿಗೆಮಣೆ ಅಥವಾ ತೆಳುವಾದ ಚಾಕು, ಹಗ್ಗ, ಗೋಣಿ, ಬಾಳೆಯ ನಾರು ಮುಂತಾದುವಕ್ಕೆ ಐದಾರು ಅಂಗುಲದ ಮಧ್ಯಮ ಚಾಕು, ಎಳನೀರು, ಸೌದೆ, ಸಣ್ಣ ಕೊಂಬೆಗಳಿಗೆ ಹತ್ತು ಹನ್ನೆರಡು ಅಂಗುಲದ ಮಚ್ಚು. ಈ ಮೂರರಲ್ಲಿ ಅತ್ಯಂತ ಹೆಚ್ಚು ಪೆಟ್ಟು ತಿನ್ನುವುದು ಮಚ್ಚು. ಆಯ್ಕೆಯಲ್ಲಿ ತಪ್ಪಾದರೆ ಕೈಗೆ ಹೆಚ್ಚಿನ ಕೇಡು ಮಾಡುವುದೂ ಅದೇ. ಆದಕಾರಣ ಮುಂದಿನ ವಿವೇಚನೆಯು ಮುಖ್ಯವಾಗಿ ಮಚ್ಚನ್ನು ಕುರಿತದ್ದು. ಉಳಿದುವಕ್ಕೂ ಅದರ ತತ್ತ್ವಗಳು ಅನ್ವಯಿಸುತ್ತವೆ.

ಇಲ್ಲಿ ಕಾಯಿದೆಯ ಮಾತೊಂದನ್ನು ಹೇಳುವುದು ಯುಕ್ತ. ೧೯೫೯ರ ಆಯುಧ ಕಾಯಿದೆಗೆ ಅನುಗುಣವಾಗಿ ರಚಿತವಾದ ನಿಯಮಗಳು ಒಂಬತ್ತು ಅಂಗುಲಕ್ಕಿಂತ ಉದ್ದ ಅಥವಾ ಎರಡು ಅಂಗುಲಕ್ಕಿಂತ ಅಗಲವಾದ ಅಲಗುಗಳನ್ನು ಆಯುಧಗಳ ವರ್ಗದಲ್ಲಿ ಎಣಿಸುತ್ತವೆ. ಆದರೆ ಮನೆ, ಬೇಸಾಯ, ಕೈಗಾರಿಕೆ ಮುಂತಾದ ಉಪಯೋಗಕ್ಕೆಂದೇ ರೂಪಿಸಿದವನ್ನು ಆ ಎಣಿಕೆಯಿಂದ ಹೊರಗಿಟ್ಟಿವೆ. ತೋಟದ ಮಚ್ಚು ತೋಟದಲ್ಲಿದ್ದರೆ ಸಾಧನ. ಅದನ್ನು ನಿಷ್ಕಾರಣವಾಗಿ ಪೇಟೆಯಲ್ಲಿ ಹಿಡಿದು ತಿರುಗುವುದು ತೊಂದರೆಯನ್ನು ಕರೆದುಕೊಂಡಂತೆ.

ಲೋಹದ ವಿಚಾರ

ಕಬ್ಬಿಣದ ಹಳಗನ್ನಡ ರೂಪ ‘ಕರ್ಬುನ’. ಕರಿಯ ಲೋಹವೆಂದು ಅದರ ಅರ್ಥವನ್ನು ಹೇಳುವರು. ಈ ನಾಡಿಗೂ ಕಬ್ಬಿಣಕ್ಕೂ ಇರುವ ಸಂಬಂಧ ಬಹು ಪ್ರಾಚೀನವಾದುದು. ಇಂದಿನ ಹಾವೇರಿ ಜಿಲ್ಲೆಗೆ ಸೇರಿದ, ತುಂಗಭದ್ರೆಯ ದಡದ ಹಳ್ಳೂರಿನ ಉತ್ಖನನದಲ್ಲಿ ದೊರೆತ ಕಬ್ಬಿಣದ ವಸ್ತುಗಳ ಕಾಲವನ್ನು ಕ್ರಿ. ಪೂ. ಸುಮಾರು ೧೦೦೦ ಎಂದು ಗಣಿಸಲಾಗಿದೆ. ಉಕ್ಕಿನ ವಿಷಯದಲ್ಲಿಯಂತೂ ದಕ್ಷಿಣ ಭಾರತದ ಕೀರ್ತಿ ದೇಶಾಂತರಗಳಲ್ಲಿ ಹರಡಿತ್ತು. ೧೭೯೫ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಜಾರ್ಜ್ ಪಿಯರ್ಸನ್ ಎಂಬ ವಿದ್ವಾಂಸನು ‘ವೂಟ್ಸ್’ ಎಂಬ ಭಾರತೀಯ ಉಕ್ಕನ್ನು ಕುರಿತು ಪ್ರಬಂಧ ಮಂಡಿಸಿದನು. ಆ ಹೆಸರು ನಮ್ಮ ‘ಉಕ್ಕು’ ಎಂಬ ಮಾತಿನ ಅಪಭ್ರಂಶವೆಂದು ಬಹುಜನ ವಿದ್ವಾಂಸರ ಅಭಿಪ್ರಾಯ. ೧೮೦೦–೧೮೦೧ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್, ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ತುಂಡನ್ನೂ ತಂಗಡಿಯ ಕಡ್ಡಿಯನ್ನೂ ಹಸಿರೆಲೆಗಳನ್ನೂ ಇಟ್ಟು, ಬಾಯಿ ಮುಚ್ಚಿ, ತಿದಿಯೊತ್ತಿ ಕಾಯಿಸಿ ಉಕ್ಕು ಮಾಡುತ್ತಿದ್ದ ಕ್ರಮವನ್ನು ಬರೆದಿಟ್ಟಿದ್ದಾನೆ. ಮುಂದೆ ೧೮೧೯ರಲ್ಲಿ ಮೈಕೆಲ್ ಫ್ಯಾರಡೆಯಂತಹ ವಿಜ್ಞಾನಿಯೂ ಈ ಉಕ್ಕಿನ ರಹಸ್ಯವನ್ನು ಅರಸಿದನು.

ತಂಗಡಿಯ ಕಡ್ಡಿಯಿಂದ ಆಗುತ್ತಿದ್ದುದೇನು? ಕಟ್ಟಿಗೆಯ ಇಂಗಾಲವು ಕಬ್ಬಿಣದೊಳಗೆ ಸೇರುತ್ತಿತ್ತು. ಕಬ್ಬಿಣವನ್ನು ಉಕ್ಕಾಗಿಸುವುದು ಈ ಅಲ್ಪ ಪ್ರಮಾಣದ ಇಂಗಾಲವೇ. ಶೇಕಡ ೦.೨೫ಕ್ಕಿಂತ ಕಡಿಮೆ ಇಂಗಾಲವಿರುವ ಮೆದು ಉಕ್ಕಿನಿಂದ ಕಿಟಕಿಯ ಸರಳು, ಬಾಗಿಲ ಚಿಲಕಗಳನ್ನು ಮಾಡಬಹುದು. ಅದನ್ನು ಎಷ್ಟು ಕಾಯಿಸಿ ನೀರಿಗದ್ದಿದರೂ ಕತ್ತಿಗೆ ಬೇಕಾದ ಗಡಸುತನ ಬಾರದು. ಶೇಕಡ ೦.೫ರಿಂದ ೧ರವರೆಗೆ ಇಂಗಾಲವುಳ್ಳ ಉಕ್ಕು ಕತ್ತಿಗೆ ತಕ್ಕುದು. ಇಂದಿನ ಹಳ್ಳಿಯ ಕಮ್ಮಾರರು ಸವೆದ ಲಾರಿಯ ಕಮಾನುಪಟ್ಟಿಯನ್ನು ಹುಡುಕಿ ತಂದು ಮಚ್ಚು ಮಾಡುವುದಕ್ಕೆ ಇದೇ ಕಾರಣ. ಆ ಪಟ್ಟಿಯಲ್ಲಿ ಇಂಗಾಲವು ಸುಮಾರು ಶೇಕಡ ೦.೬ರಷ್ಟಿರುತ್ತದೆ, ಲಕ್ಷಾಂತರ ಸಲ ಬಾಗಿ ಎದ್ದರೂ ಮುರಿಯದಂತೆ ಮಾಡಿದ ಉಕ್ಕು ಅದು.

ತುಕ್ಕು ಹಿಡಿಯದ ಸ್ಟೇನ್‌ಲೆಸ್ ಉಕ್ಕಿನಲ್ಲಿ ಕನಿಷ್ಠಪಕ್ಷ ಶೇಕಡ ೧೦.೫ರಷ್ಟು ಕ್ರೋಮಿಯಂ ಬೆರೆತಿರುತ್ತದೆ. ಹುಣಿಸೆ, ನಿಂಬೆ, ಮಾವುಗಳ ಹುಳಿಗೆ ಅದು ಕಪ್ಪಾಗದು. ಅಡುಗೆಮನೆಗೆ ಅದು ಹಿತವಾದುದು. ಆದರೆ ಹೊಳಪೇ ಗುಣವಲ್ಲ. ಅಗ್ಗದ ಸ್ಟೇನ್‌ಲೆಸ್ ತಗಡಿನಿಂದ ಕತ್ತರಿಸಿ ತೆಗೆದ ಅಲಗು ಊಟದ ಚಮಚಕ್ಕೆ ಸಮೀಪವೇ ಹೊರತು ಕತ್ತಿಗಲ್ಲ. ಪೆಟ್ಟಿನ ಕೆಲಸಕ್ಕೆ, ಮಸೆದಾಗ ಬೇಗ ಹರಿತವಾಗುವ ಇಂಗಾಲದ ಉಕ್ಕೇ ಮೇಲು. ತುಕ್ಕಿನ ಭಯವನ್ನು ಒಂದು ತೊಟ್ಟು ಎಣ್ಣೆಯಿಂದ ಕಳೆಯಬಹುದು.

ಹದವೆಂದರೇನು?

ಹಳಗನ್ನಡದಲ್ಲಿ ‘ಪದ’ ಎಂದಿದ್ದು ಹೊಸಗನ್ನಡದಲ್ಲಿ ‘ಹದ’ವಾದ ಈ ಮಾತು ನಮ್ಮ ಬದುಕಿನ ಹಲವು ಎಡೆಗಳಲ್ಲಿ ಬಳಕೆಯಾಗುತ್ತದೆ. ಮಳೆ ಬಿದ್ದು ಉಳುಮೆಗೆ ಒದಗಿದ ನೆಲ ಹದವಾಗಿದೆ ಎನ್ನುವರು. ಬೆಲ್ಲದ ಪಾಕಕ್ಕೆ ಹದವುಂಟು, ರೊಟ್ಟಿಯ ಹಿಟ್ಟಿಗೆ ಹದವುಂಟು, ಚರ್ಮಕ್ಕೆ ಹದವುಂಟು. ಎಲ್ಲ ಕಡೆಯೂ ಅದರ ಅರ್ಥ ಒಂದೇ: ಅತಿಗಳೆರಡನ್ನೂ ಬಿಟ್ಟು ಕೆಲಸಕ್ಕೆ ಒಗ್ಗುವ ನಡುವಣ ಸ್ಥಿತಿ.

ಕಮ್ಮಾರನು ಅಲಗನ್ನು ಹಣ್ಣಾದ ತೊಂಡೆಯ ಕೆಂಪು ಬರುವವರೆಗೆ, ಎಂದರೆ ಸುಮಾರು ೮೦೦ ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸುತ್ತಾನೆ. ಆ ಕಾವಿನಲ್ಲಿ ಉಕ್ಕು ಅಯಸ್ಕಾಂತಕ್ಕೆ ಅಂಟುವುದಿಲ್ಲವೆಂಬುದು ಒಂದು ಗುರುತು. ಆಗ ಅದನ್ನು ನೀರಿಗೋ ಎಣ್ಣೆಗೋ ಅದ್ದಿದರೆ ಉಕ್ಕು ಅತ್ಯಂತ ಗಡಸಾಗುತ್ತದೆ. ಆದರೆ ಗಾಜಿನಂತೆ ಪೆಡಸೂ ಆಗುತ್ತದೆ. ಆ ಸ್ಥಿತಿಯ ಕತ್ತಿ ಕಲ್ಲಿಗೆ ತಾಗಿದರೆ ಚೂರಾದೀತು. ಆದುದರಿಂದ ಅದನ್ನು ಮತ್ತೆ ಮೃದುವಾಗಿ, ೨೦೦ರಿಂದ ೩೦೦ ಡಿಗ್ರಿಯವರೆಗೆ ಮಾತ್ರ, ಕಾಯಿಸಬೇಕು. ಈ ಎರಡನೆಯ ಕಾವಿನಲ್ಲಿಯೇ ಕಮ್ಮಾರನ ವಿದ್ಯೆಯಿರುವುದು. ಉಜ್ಜಿ ಬೆಳಗಿದ ಅಲಗಿನ ಮೇಲೆ ಮೊದಲು ಒಣಹುಲ್ಲಿನ ತಿಳಿಹಳದಿ, ಬಳಿಕ ಕಂದು, ಅನಂತರ ನೇರಳೆ, ಕಡೆಗೆ ನೀಲಿ ಬಣ್ಣಗಳು ಮೂಡುತ್ತವೆ. ಸಣ್ಣ ಚಾಕುವಿಗೆ ಹಳದಿ ಕಂದುಗಳ ಹಂತ ಸಾಕು. ಪೆಟ್ಟು ತಿನ್ನುವ ಮಚ್ಚಿಗೆ ನೇರಳೆಯವರೆಗೆ ಹೋಗಬೇಕು. ನುರಿತ ಕಮ್ಮಾರನು ಬಾಯಿಯನ್ನಷ್ಟೇ ನೀರಿಗದ್ದಿ, ಬೆನ್ನಿನಲ್ಲಿ ಉಳಿದ ಕಾವು ಬಾಯಿಯ ಕಡೆಗೆ ಹರಿದು ಬರುವುದನ್ನು ನೋಡುತ್ತ ಕುಳಿತು, ಬೇಕಾದ ಬಣ್ಣ ಅಂಚನ್ನು ಮುಟ್ಟಿದ ಕ್ಷಣದಲ್ಲಿ ಪೂರ್ತಿ ಅದ್ದಿಬಿಡುತ್ತಾನೆ. ಕುಲುಮೆಯ ಮನೆ ಮಬ್ಬಾಗಿರುವುದು ಬಡತನದಿಂದ ಮಾತ್ರವಲ್ಲ. ಬಿಸಿಲಿನಲ್ಲಿ ಕಬ್ಬಿಣದ ಬಣ್ಣ ಕಣ್ಣಿಗೆ ಮೋಸ ಮಾಡುತ್ತದೆ.

ಹೀಗೆ ಮಾಡಿದ ಕತ್ತಿಯ ಬಾಯಿ ಗಡಸು, ಬೆನ್ನು ಮೆದು. ಬಾಯಿ ಕೊಯ್ಯುತ್ತದೆ, ಬೆನ್ನು ಪೆಟ್ಟನ್ನು ಸಹಿಸುತ್ತದೆ. ಎರಡೂ ಗಡಸಾದರೆ ಕತ್ತಿ ಮುರಿಯುವುದು. ಎರಡೂ ಮೆದುವಾದರೆ ಬಾಯಿ ಮಡಿಚುವುದು.

ಆಕಾರ ಮತ್ತು ತೂಕ

ಮಚ್ಚಿನ ಬೆನ್ನು ನಾಲ್ಕರಿಂದ ಆರು ಮಿಲಿಮೀಟರ್ ದಪ್ಪವಿದ್ದು ಬಾಯಿಯ ಕಡೆಗೆ ಕ್ರಮವಾಗಿ ತೆಳುವಾಗುತ್ತ ಬರಬೇಕು. ಬೆನ್ನಿನಿಂದ ಅಂಚಿನವರೆಗೂ ಒಂದೇ ದಪ್ಪವಿದ್ದು ಕೊನೆಯಲ್ಲಿ ಮಾತ್ರ ಸಾಣೆ ಹಿಡಿದ ಅಲಗು ಸೌದೆಯಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಅಡುಗೆಯ ಚಾಕುವಿಗೆ ಎರಡು ಮಿಲಿಮೀಟರ್ ಬೆನ್ನು ಸಾಕು. ಅಂಚಿನ ಕೋನವೂ ಹಾಗೆಯೇ: ತರಕಾರಿಯ ಚಾಕುವಿಗೆ ಪ್ರತಿ ಮಗ್ಗುಲಿಗೆ ೧೫ರಿಂದ ೨೦ ಡಿಗ್ರಿ, ಮಚ್ಚಿಗೆ ೨೫ರಿಂದ ೩೦ ಡಿಗ್ರಿ. ಅತಿ ಸಣ್ಣ ಕೋನ ಬೇಗ ಮುಕ್ಕಾಗುತ್ತದೆ. ಅತಿ ದೊಡ್ಡ ಕೋನ ಕೊಯ್ಯುವುದೇ ಇಲ್ಲ.

ತೂಕದಲ್ಲಿ ಹೆಚ್ಚಳವೇ ಹಿರಿಮೆಯಲ್ಲ. ಅಂಗಡಿಯಲ್ಲಿ ಒಮ್ಮೆ ಎತ್ತಿದಾಗ ಗಂಭೀರವೆನಿಸುವ ಕತ್ತಿಯು ನೂರನೆಯ ಎಳನೀರಿನ ಹೊತ್ತಿಗೆ ಮಣಿಕಟ್ಟನ್ನು ಸೋಲಿಸುತ್ತದೆ. ದಣಿದ ಕೈಯೇ ಗುರಿ ತಪ್ಪುವ ಕೈ. ಹಿಡಿಯ ಮುಂದೆ ಬೆರಳಿನ ಮೇಲಿಟ್ಟು ತೂಗಿದಾಗ ಮಚ್ಚು ಮುಂಬದಿಗೆ ವಾಲಬೇಕು. ಪೆಟ್ಟಿಗೆ ಆ ಭಾರವೇ ಬಲ. ಚಾಕು ಹಿಡಿಯ ಬಳಿಯಲ್ಲಿಯೇ ಸಮತೂಗಬೇಕು.

ಹಿಡಿಯ ವಿಚಾರ

ಅಲಗು ಎಷ್ಟೇ ಉತ್ತಮವಾಗಿದ್ದರೂ ಹಿಡಿ ಕೆಟ್ಟದಾದರೆ ಕತ್ತಿ ಕೆಟ್ಟದೇ. ಅಲಗು ಹಿಡಿಯಿಂದ ಕಳಚಿ ಹಾರಿದರೆ ಎದುರಿಗಿದ್ದವರ ಗತಿಯೇನು? ಹಿಡಿಯೊಳಗೆ ಸೇರುವ ಉಕ್ಕಿನ ಬಾಲವು ಹಿಡಿಯ ತುದಿಯವರೆಗೂ ಹೋಗಿ, ಎರಡು ಮಗ್ಗುಲ ಮರದ ಹಲಗೆಗಳನ್ನು ಮೂರು ರಿವೆಟ್ಟುಗಳಿಂದ ಬಿಗಿದಿದ್ದರೆ ಅದು ಅತ್ಯಂತ ಭದ್ರ. ಬಾಲವು ಸಣ್ಣದಾಗಿದ್ದು ಅರಗು ತುಂಬಿ ಕೂರಿಸಿದ್ದಾದರೆ ಹಿಡಿಯ ಬಾಯಿಗೆ ಲೋಹದ ಬಳೆಯಿದೆಯೇ ಎಂದು ನೋಡಬೇಕು. ಅರಗು ಬಿಸಿಗೆ ಕರಗುವುದರಿಂದ ಅಂತಹ ಕತ್ತಿಯನ್ನು ಒಲೆಯ ಬಳಿ ಇಡಬಾರದು.

ಹಿಡಿಗೆ ಬೀಟೆ, ಹೊನ್ನೆ, ಜಾಲಿಯಂತಹ ಗಟ್ಟಿಮರ ಯೋಗ್ಯ. ಹಿಡಿಯು ಗುಂಡಾಗಿರದೆ ಮೊಟ್ಟೆಯಾಕಾರದ್ದಾಗಿರಬೇಕು. ಆಗ ನೋಡದೆಯೇ ಬಾಯಿ ಯಾವ ಕಡೆಗಿದೆಯೆಂಬುದು ಅಂಗೈಗೆ ತಿಳಿಯುತ್ತದೆ. ತುದಿಯಲ್ಲಿ ಸ್ವಲ್ಪ ಉಬ್ಬಿದ್ದರೆ ಬೆವರಿನ ಕೈಯಿಂದ ಜಾರದು. ನುಣುಪಾದ ಪ್ಲಾಸ್ಟಿಕ್ ಹಿಡಿಯು ಎಳನೀರಿನ ತೇವದಲ್ಲಿ ಜಾರುತ್ತದೆ.

ಸಂತೆಯ ಪರೀಕ್ಷೆ

ಈ ಎಲ್ಲ ಗುಣಗಳನ್ನು ಕೊಳ್ಳುವ ಮೊದಲೇ ಪರೀಕ್ಷಿಸುವ ಬಗೆಗೆ ಒಂದು ದೃಷ್ಟಾಂತವನ್ನು ಭಾವಿಸಬಹುದು. ಸಂತೆಯಲ್ಲಿ ಕಮ್ಮಾರನೊಬ್ಬನು ಗೋಣಿ ಹಾಸಿ ಕತ್ತಿಗಳನ್ನಿಟ್ಟು ಕುಳಿತಿದ್ದಾನೆ. ವಯಸ್ಸಾದ ರೈತನೊಬ್ಬನು ಬಂದು ಒಂದು ಮಚ್ಚನ್ನೆತ್ತಿ ಕೇಳುತ್ತಾನೆ:

‘ಆಚಾರ್ರೇ, ಇದು ಪಟ್ಟಿಯದೋ, ಬರೀ ತಗಡೋ?’

‘ಪಟ್ಟಿಯದೇ ಗೌಡ್ರೇ. ಬೇಕಾದರೆ ಅರ ಹಾಕಿ ನೋಡಿ.’

ರೈತನು ಅವಸರಪಡುವುದಿಲ್ಲ. ಮೊದಲು ಒಂದು ಕಣ್ಣು ಮುಚ್ಚಿ ಬೆನ್ನಿನ ಉದ್ದಕ್ಕೂ ನೋಡುತ್ತಾನೆ, ಅಲಗು ಸೊಟ್ಟಗಿಲ್ಲ. ಹಿಡಿಯನ್ನು ಸಡಿಲವಾಗಿ ಹಿಡಿದು ಅಲಗಿಗೆ ಬೆರಳ ಗೆಣ್ಣಿನಿಂದ ತಟ್ಟುತ್ತಾನೆ. ನಾದ ನಿಡಿದಾಗಿ ಬರುತ್ತದೆ. ಬಿರುಕಿದ್ದರೆ ಅಥವಾ ಹಿಡಿ ಸಡಿಲವಾಗಿದ್ದರೆ ಒಡಕು ದನಿ ಬರುತ್ತಿತ್ತು. ಬಾಯಿಯನ್ನು ಬೆಳಕಿಗೆ ಎದುರಾಗಿ ಹಿಡಿಯುತ್ತಾನೆ; ಮೊಂಡಾದೆಡೆ ಬಿಳಿಯ ಗೆರೆಯಾಗಿ ಹೊಳೆಯುವುದು, ಹರಿತವಾದೆಡೆ ಗೆರೆಯೇ ಕಾಣದು. ಅರವನ್ನು ಅಂಚಿನ ಮೂಲೆಗೆ ಮೆಲ್ಲನೆ ಎಳೆಯುತ್ತಾನೆ. ಮೆದು ಕಬ್ಬಿಣವಾಗಿದ್ದರೆ ಅರ ಸುಲಭವಾಗಿ ಕಚ್ಚಿ ಪುಡಿ ಉದುರಿಸುತ್ತಿತ್ತು, ಇಲ್ಲಿ ಅದು ಹೆಣಗುತ್ತದೆ. ಕಡೆಗೆ ಒಣಗಿದ ಬಿದಿರಿನ ಗಿಣ್ಣಿಗೆ ನಾಲ್ಕು ಏಟು ಹಾಕಿ ಬಾಯಿಯನ್ನು ಮತ್ತೆ ನೋಡುತ್ತಾನೆ. ಮಡಿಚಿಲ್ಲ, ಮುಕ್ಕಾಗಿಲ್ಲ.

‘ಬಾಯಿ ತಿರುಗಿದರೆ ತಂದುಕೊಡಿ, ಮತ್ತೆ ಹದ ಹಾಕಿಕೊಡುತ್ತೇನೆ’ ಎನ್ನುತ್ತಾನೆ ಕಮ್ಮಾರ.

ಈ ಒಂದು ಮಾತು ಯಾವ ಅಂಗಡಿಯ ಖಾತರಿಪತ್ರಕ್ಕೂ ಕಡಿಮೆಯದಲ್ಲ. ಪರೀಕ್ಷೆಗೆ ಹಿಡಿದ ಹೊತ್ತು ಕಾಲು ಗಂಟೆ. ಅದರಿಂದ ಉಳಿಯುವುದು ಹತ್ತಾರು ವರ್ಷಗಳ ಕೆಲಸ. ಅಂಗಡಿಯಲ್ಲಿ ಬಿದಿರು ಕಡಿಯಲು ಅವಕಾಶವಿಲ್ಲದಿದ್ದರೂ ಕಣ್ಣು, ಕಿವಿ, ಅಂಗೈಗಳ ಪರೀಕ್ಷೆಗೆ ಯಾರ ಅಡ್ಡಿಯೂ ಇಲ್ಲ.

ಪಾಲನೆ

ಒಳ್ಳೆಯ ಕತ್ತಿಯನ್ನು ಕೆಡಿಸುವ ದಾರಿಗಳು ಮುಖ್ಯವಾಗಿ ಮೂರು. ಮೊದಲನೆಯದು ಬೆಂಕಿ. ಒಲೆಯ ಕೆಂಡ ಕೆದಕಲು ಕತ್ತಿಯನ್ನು ಬಳಸಿದರೆ ಕಮ್ಮಾರನು ಬಣ್ಣ ನೋಡಿ ನಿಲ್ಲಿಸಿದ ಹದವು ಇಳಿದುಹೋಗುತ್ತದೆ. ಯಂತ್ರದ ಸಾಣೆಯಲ್ಲಿ ಒತ್ತಿಹಿಡಿದಾಗ ಅಂಚು ನೀಲಿಯಾದರೂ ಅದೇ ಫಲ. ಆದುದರಿಂದ ಸಾಣೆಯವನಿಗೆ ನೀರು ಹಾಕುತ್ತ ಹಗುರವಾಗಿ ಹಿಡಿಯಲು ಹೇಳಬೇಕು. ಎರಡನೆಯದು ತೇವ. ಕೆಲಸ ಮುಗಿದೊಡನೆ ತೊಳೆದು, ಒರಸಿ, ಕೊಬ್ಬರಿ ಎಣ್ಣೆಯನ್ನು ತೆಳ್ಳಗೆ ಸವರಿದರೆ ತುಕ್ಕು ಬಾರದು. ಮೂರನೆಯದು ಅಸಡ್ಡೆ. ಬಾಯಿ ಪೂರ್ತಿ ಮೊಂಡಾಗುವವರೆಗೆ ಕಾಯದೆ ಆಗಾಗ್ಗೆ ಮಸೆಗಲ್ಲಿನ ಮೇಲೆ ಎರಡು ಮಗ್ಗುಲನ್ನೂ ಸಮನಾಗಿ ಮಸೆಯಬೇಕು.

ಮೊಂಡು ಕತ್ತಿಯಿಂದ ಅಪಾಯ ಕಡಿಮೆಯೆಂಬ ಎಣಿಕೆ ಹಲವರಲ್ಲಿದೆ. ಸತ್ಯವು ಇದಕ್ಕೆ ವಿರುದ್ಧ. ಹರಿತವಾದ ಅಂಚಿನಲ್ಲಿ ಅಲ್ಪ ಬಲವೂ ಅತಿ ಕಿರಿದಾದ ಎಡೆಯಲ್ಲಿ ಕೂಡಿ ಕೊಯ್ಯುತ್ತದೆ. ಮೊಂಡು ಅಂಚಿಗೆ ಬಲವನ್ನು ಹೆಚ್ಚಿಸಬೇಕಾಗುತ್ತದೆ. ಅದು ವಸ್ತುವನ್ನು ಕಚ್ಚದೆ ಜಾರಿ, ಆ ಬಲವೆಲ್ಲವೂ ಇನ್ನೊಂದು ಕೈಯ ಮೇಲೆ ಬೀಳುತ್ತದೆ. ಮಕ್ಕಳಿಗೆ ಕತ್ತಿಯನ್ನು ಮುಟ್ಟಬೇಡವೆಂದು ಹೇಳುವುದು ಸುಲಭ. ತಕ್ಕ ವಯಸ್ಸಿನಲ್ಲಿ ಹಿಡಿಯುವುದನ್ನೂ, ಹಿಡಿಯ ಕಡೆಯಿಂದ ಇನ್ನೊಬ್ಬರಿಗೆ ಕೊಡುವುದನ್ನೂ, ಕೆಲಸವಾದ ಮೇಲೆ ಸ್ವಸ್ಥಾನದಲ್ಲಿ ಇಡುವುದನ್ನೂ ಕಲಿಸುವುದು ಹಿತ. ಶಾಲೆಯ ತೋಟದ ಕೆಲಸಕ್ಕಿಂತ ಇದಕ್ಕೆ ಒಳ್ಳೆಯ ಪಾಠಮಂದಿರವಿಲ್ಲ.

ಉಪಸಂಹಾರ

ಸಂತೆಯ ಕಮ್ಮಾರನ ಕತ್ತಿಗಿಂತ ಕಾರ್ಖಾನೆಯ ತಗಡಿನ ಕತ್ತಿ ಅಗ್ಗವೂ ಅಂದವೂ ಆಗಿರುತ್ತದೆ. ಎರಡನೆಯ ಕಾವಿಗೆ ತಾಳ್ಮೆಯಿಂದ ಕುಳಿತ ಕಮ್ಮಾರನ ಶ್ರಮವು ಅಲಗಿನ ಮೇಲೆ ಬರೆದಿರುವುದಿಲ್ಲ. ಕೊಳ್ಳುವವರು ಹೊಳಪನ್ನು ಮಾತ್ರ ನೋಡಿದರೆ, ಹದ ಹಾಕಿದವನಿಗೂ ಹಾಕದವನಿಗೂ ದೊರೆಯುವ ಬೆಲೆ ಒಂದೇ ಆಗುತ್ತದೆ. ಆಗ ಹದ ಹಾಕುವವನು ಆ ಶ್ರಮವನ್ನು ಬಿಡುತ್ತಾನೆ, ಇಲ್ಲವೆ ಕುಲುಮೆಯನ್ನೇ ಬಿಡುತ್ತಾನೆ. ಕಮ್ಮಾರನ ಮಗನು ಬೇರೆ ಉದ್ಯೋಗವನ್ನು ಅರಸಿ ಹೋಗುವುದು ತಪ್ಪಲ್ಲ. ಆದರೆ ನಮ್ಮ ಉಕ್ಕಿನ ಹೆಸರನ್ನೇ ಹೊರನಾಡಿನವರು ತಮ್ಮ ಭಾಷೆಗೆ ತೆಗೆದುಕೊಂಡಿರುವಾಗ, ಆ ಉಕ್ಕಿನ ನಾಡಿನಲ್ಲಿಯೇ ಒಳ್ಳೆಯ ಕತ್ತಿಯನ್ನು ಗುರುತಿಸುವವರು ಇಲ್ಲದಂತಾಗುವುದು ಕೊರತೆಯೇ ಸರಿ.

ಮಾಡುವವನ ವಿದ್ಯೆಯು ಕೊಳ್ಳುವವನ ಅರಿವನ್ನು ಆಶ್ರಯಿಸಿ ಬದುಕುತ್ತದೆ. ಬೆನ್ನನ್ನು ನೋಡಿ, ದನಿಯನ್ನು ಕೇಳಿ, ಅಂಚನ್ನು ಬೆಳಕಿಗೆ ಹಿಡಿದು, ‘ಇದಕ್ಕೆ ಹದ ಹೇಗೆ ಹಾಕಿದಿರಿ?’ ಎಂದು ಕೇಳುವ ಒಬ್ಬ ಗಿರಾಕಿಯು ಸಂತೆಗೆ ಬಂದರೂ ಕುಲುಮೆಯ ತಿದಿ ಇನ್ನಷ್ಟು ದಿನ ಉಸಿರಾಡುತ್ತದೆ. ಒಳ್ಳೆಯ ಕತ್ತಿಯನ್ನು ಆರಿಸುವುದೆಂದರೆ ತನ್ನ ಕೈಯನ್ನು ಕಾಪಾಡಿಕೊಳ್ಳುವುದು ಮಾತ್ರವಲ್ಲ, ಅದನ್ನು ಮಾಡಿದ ಕೈಯನ್ನು ಗೌರವಿಸುವುದೂ ಹೌದು.